ಮಾಲ್ಡೀವ್ಸ್: ರೆಸಾರ್ಟ್ ಬಿಟ್ಟು ಊರಿನ ದ್ವೀಪಗಳಲ್ಲಿ ಉಳಿಯುವವರಿಗೆ
ವಿಮಾನಕ್ಕೆ ಮುಂಚಿನ 96 ಗಂಟೆಯೊಳಗೆ ಮಾಲ್ಡೀವ್ಸ್ ವಲಸೆ ಇಲಾಖೆಯ 'ಇಮುಗಾ' (IMUGA) ಜಾಲತಾಣದಲ್ಲಿ ಪ್ರಯಾಣಿಕರ ಘೋಷಣೆ ತುಂಬಿ. ಅದು ಉಚಿತ, ದುಡ್ಡು ಕೇಳಿದರೆ ನೀವಿರುವುದು ಬೇರೆ ತಾಣದಲ್ಲಿ. 30 ದಿನದ ವೀಸಾ ಇಳಿದ ಮೇಲೆಯೇ ಸಿಗುತ್ತದೆ. ವಾಪಸ್ ಟಿಕೆಟ್, ರೂಮ್ ಬುಕಿಂಗ್ ಕೈಯಲ್ಲಿರಲಿ. ಮದ್ಯದ ಬಾಟಲಿ ಒಯ್ಯಬೇಡಿ, ಕಸ್ಟಮ್ಸ್‌ನವರು ಎತ್ತಿಡುತ್ತಾರೆ.

ಹೆಚ್ಚಿನವರು ಎಡವುವುದು ಶುಕ್ರವಾರ. ಅಂದು ಅಗ್ಗದ ಸಾರ್ವಜನಿಕ ದೋಣಿಗಳು ಬಹುತೇಕ ಓಡುವುದಿಲ್ಲ, ಹಾಗಾಗಿ ಆ ದಿನ ಬಂದಿಳಿಯದಿರುವುದೇ ಲೇಸು. ಸ್ಪೀಡ್‌ಬೋಟ್‌ನಲ್ಲಿ ಹಿಂದಿನ ಸೀಟು ಹಿಡಿಯಿರಿ; ಅಲೆಗೆ ದೋಣಿಯ ಮೂತಿ ಎದ್ದೆದ್ದು ಬಡಿಯುವಾಗ ಮುಂದೆ ಕೂತವರ ಸೊಂಟಕ್ಕೇ ಪೆಟ್ಟು. ವಾಂತಿ ಮಾತ್ರೆಯನ್ನು ಹೊರಡುವ ಮುನ್ನವೇ ನುಂಗಿ, ಹೊಟ್ಟೆ ತೊಳಸತೊಡಗಿದ ಮೇಲಲ್ಲ. ಪಾಸ್‌ಪೋರ್ಟ್ ಪ್ಲಾಸ್ಟಿಕ್ ಕವರಿನಲ್ಲಿರಲಿ.

ಬಿಕಿನಿ ಅದಕ್ಕೆಂದೇ ಗುರುತಿಸಿದ ಬೀಚಿನಲ್ಲಿ ಮಾತ್ರ. ಊರೊಳಗೆ ಭುಜ, ಮಂಡಿ ಮುಚ್ಚಿರಲಿ. ದಡದಲ್ಲಿ ಬಿದ್ದ ಹವಳದ ಚೂರನ್ನೂ ಚೀಲಕ್ಕೆ ಹಾಕಬೇಡಿ.