ಜಂಬಿಟ್ಟಿಗೆ ಗೋಡೆಯ ತೇವ ಬಿಡಿಸಿದ ನನ್ನ ಅನುಭವ

2024ರ ಆಗಸ್ಟ್ ಕೊನೆಯಲ್ಲಿ ಒಂದು ದಿನ ನಮ್ಮ ಒಳಜಗಲಿಯ ಗೋಡೆಗೆ ಬೆನ್ನು ಕೊಟ್ಟು ಕೂತು ಕಾಫಿ ಕುಡಿದೆ. ನಾಲ್ಕು ಮಳೆಗಾಲ ಆ ಗೋಡೆಗೆ ಯಾರೂ ಒರಗಿರಲಿಲ್ಲ. ಒರಗಿದರೆ ಅಂಗಿಗೆಲ್ಲ ಬಿಳಿ ಪುಡಿ, ಬೆನ್ನಿಗೆ ಥಂಡಿ. ಈಗ ಗೋಡೆ ಒಣಗಿದೆ. ಸಿಮೆಂಟ್ ಇಲ್ಲದೆ ಆಗುವುದಿಲ್ಲ ಎಂದ ಮೇಸ್ತ್ರಿಯನ್ನೇ ಕರೆದು ಕೈಯಿಟ್ಟು ನೋಡಿ ಎಂದೆ. ಅವರು ಎರಡು ಸಲ ಮುಟ್ಟಿ ನೋಡಿದರು.

ನಮ್ಮದು ಸಾಗರ ತಾಲ್ಲೂಕು, ಘಟ್ಟದಂಚಿನ ಊರು. ಅಜ್ಜನ ಕಾಲದ ಜಂಬಿಟ್ಟಿಗೆ (ನೆಲದಿಂದ ಕಡಿದು ತೆಗೆಯುವ ಕೆಂಪು ಕಲ್ಲು) ಗೋಡೆ, ಮಣ್ಣಿನ ಗಾರೆ, ಮೇಲೆ ಮಂಗಳೂರು ಹಂಚು. ಹಿತ್ತಲ ಕಡೆ ಸುಮಾರು 12 ಅಡಿ ಎತ್ತರದ ಧರೆ, ಅಂದರೆ ಗುಡ್ಡ ಕಡಿದ ಕಡಿದಾದ ಮಣ್ಣಿನ ಬದಿ. 2004ರ ಸುಮಾರಿಗೆ ಅಪ್ಪ ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. ಮನೆ ಸುತ್ತ ಮೂರಡಿ ಅಗಲಕ್ಕೆ ಸಿಮೆಂಟ್ ಹಾಕಿಸಿದರು. ಆಗ ಊರಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಹತ್ತು ಹದಿನೈದು ವರ್ಷ ಚೆನ್ನಾಗಿಯೇ ಇತ್ತು. 2019ರ ಆಗಸ್ಟ್ ಮಳೆ ನಿಮಗೆ ನೆನಪಿರಬೇಕು. ಆ ಮಳೆ ಮುಗಿದ ಮೇಲೆ ಹಿಂಬದಿ ಗೋಡೆಯಲ್ಲಿ ನೆಲದಿಂದ ಮೂರಡಿ ಎತ್ತರಕ್ಕೆ ಗೆರೆ ಎಳೆದ ಹಾಗೆ ತೇವ ಬಂತು. ಬಣ್ಣ ಗುಳ್ಳೆ ಎದ್ದಿತು. ದೀಪಾವಳಿ ಹೊತ್ತಿಗೆ ಗೋಡೆ ತುಂಬ ಉಪ್ಪು ಹೂ ಬಿಟ್ಟಿತ್ತು.

ಮೊದಲ ತಪ್ಪು ಅಲ್ಲೇ ಆಯಿತು. ಮೇಲಿಂದ ಸೋರುವ ನೀರು ಅಂದುಕೊಂಡೆ. 400 ಹಂಚು ಬದಲಿಸಿದೆ, ಉದ್ದಕ್ಕೂ ಮಾಡಿನ ನೀರು ಹಿಡಿಯುವ ಹೊಸ ದಂಬೆ ಹಾಕಿಸಿದೆ. 35 ಸಾವಿರ ಹೋಯಿತು. ಅಟ್ಟಕ್ಕೆ ಅನುಕೂಲ ಆಯಿತು ನಿಜ. ಗೋಡೆಗೆ ಏನೂ ಆಗಲಿಲ್ಲ. ಸೋರಿಕೆಯಾದರೆ ಕಲೆ ಮೇಲಿಂದ ಇಳಿಯುತ್ತದೆ, ಮಳೆ ಬಿಟ್ಟ ಮೂರು ನಾಲ್ಕು ದಿನಕ್ಕೆ ಅಂಚು ಕಂದಾಗಿ ಒಣಗುತ್ತದೆ. ನಮ್ಮದು ಜನವರಿಯಲ್ಲೂ ಹಸಿಯಾಗಿತ್ತು. ತೇವ ಕೆಳಗಿನಿಂದ ಏರುತ್ತಿದೆ ಎಂದು ತಿಳಿಯಲು ಅಷ್ಟು ಸಾಕಿತ್ತು, ಆದರೆ ಆಗ ಗಮನ ಹೋಗಲಿಲ್ಲ. ಪೈಪು ಒಡೆದಿದೆಯೋ ಎಂದು ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ನೋಡಿದೆ. ಒಂದು ಬೆರಳೂ ಇಳಿದಿರಲಿಲ್ಲ.

ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸುವ ಒಂದು ಪರೀಕ್ಷೆ ಇದೆ. ಹಾಳೆಯ ಗೋಡೆ ಕಡೆ ಹನಿ ನಿಂತರೆ ತೇವ ಗೋಡೆಯದು, ಹೊರಗಡೆ ನಿಂತರೆ ಗಾಳಿಯದು. ನಾನು ಅದನ್ನು ಜುಲೈನಲ್ಲಿ ಮಾಡಿದೆ. ಹಾಳೆಯ ಎರಡೂ ಕಡೆ ಹನಿ ನಿಂತಿತು. ನಮ್ಮ ಕಡೆ ಮಳೆಗಾಲದ ಗಾಳಿಯೇ ನೀರು, ಅಲ್ವಾ. ಫೆಬ್ರವರಿಯಲ್ಲಿ ಮತ್ತೆ ಅಂಟಿಸಿದಾಗ ಗೋಡೆ ಕಡೆ ಮಾತ್ರ ಹನಿ ಇತ್ತು. ಮಲೆನಾಡಿನವರು ಈ ಪರೀಕ್ಷೆಯನ್ನು ಬೇಸಿಗೆಯಲ್ಲೇ ಮಾಡಿ.

2019ರ ಮಳೆಯ ನಂತರದ ಎರಡು ವರ್ಷ ದುಡ್ಡು ಸುರಿದ ವರ್ಷಗಳು. ವಾಟರ್‌ಪ್ರೂಫ್ ಪೇಂಟಿಗೆ 18 ಸಾವಿರ. ಒಂದು ಮಳೆಗಾಲಕ್ಕೆ ಅದು ಹಪ್ಪಳದ ಹಾಗೆ ಎದ್ದು ಬಂತು. ಆಮೇಲೆ ಒಬ್ಬರ ಮಾತು ಕೇಳಿ ಗೋಡೆಗೆ ನಾಲ್ಕಡಿ ಎತ್ತರ ಟೈಲ್ಸ್ ಹಾಕಿಸಿದೆ, 38 ಸಾವಿರ. ಇದು ಎಲ್ಲಕ್ಕಿಂತ ಕೆಟ್ಟ ಕೆಲಸ. ಮೂರಡಿಯಲ್ಲಿ ನಿಂತಿದ್ದ ತೇವ ಹೊರಗೆ ಬರಲು ದಾರಿ ಇಲ್ಲದೆ ಟೈಲ್ಸ್ ದಾಟಿ ಐದೂವರೆ ಅಡಿಗೆ ಏರಿತು. ಬಾಗಿಲ ದಾರಂದದ ಬುಡ ಲಡ್ಡಾಯಿತು. ಕೊನೆಗೆ ಗೋಡೆ ಕೊರೆದು ಕೆಮಿಕಲ್ ತುಂಬುವವರು ಬಂದರು, 55 ಸಾವಿರ. ಜಂಬಿಟ್ಟಿಗೆ ಒಳಗೆ ಪೂರಾ ತೂತು, ನಡುವೆ ಮಣ್ಣಿನ ಗಾರೆ. ಹಾಕಿದ ಔಷಧ ಎತ್ತ ಹೋಯಿತೋ ಗೊತ್ತಾಗಲಿಲ್ಲ. ಇಟ್ಟಿಗೆ ಗೋಡೆಗೆ ಅದು ಸರಿ ಇರಬಹುದು, ನಮ್ಮ ಗೋಡೆಗೆ ಅಲ್ಲ. ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ. ಒಂದು ವರ್ಷದ ಅಡಿಕೆಯಲ್ಲಿ ದೊಡ್ಡ ಪಾಲೇ ಹೋಯಿತು.

ದಾರಿ ಸಿಕ್ಕಿದ್ದು ತೋಟದಲ್ಲಿ. 2021ರ ಮಳೆಗಾಲದಲ್ಲಿ ಬಸಿಗಾಲುವೆಯ ಹೂಳು ತೆಗೆಸುತ್ತಿದ್ದೆ. ನೀರು ಬಸಿಯದಿದ್ದರೆ ಮರಕ್ಕೆ ಅಣಬೆ ರೋಗ ಬರುತ್ತದೆ ಎಂದು ವರ್ಷಾ ವರ್ಷಾ ಈ ಕೆಲಸ ಮಾಡುತ್ತೇವೆ. ಮನೆ ಬುಡಕ್ಕೆ ಒಮ್ಮೆಯೂ ಮಾಡಿಲ್ಲವಲ್ಲ ಎಂದು ಹೊಳೆಯಿತು. ಅವತ್ತೇ ಹಿತ್ತಲಿಗೆ ಹೋಗಿ ನೋಡಿದೆ. ಧರೆಯ ಬುಡದಲ್ಲಿ ಸಣ್ಣ ಒರತೆ. ವರ್ಷ ವರ್ಷ ಧರೆಯಿಂದ ಜಾರಿದ ಮಣ್ಣು ಒಂಬತ್ತು ಇಂಚು ಏರಿ, ಮನೆಯೊಳಗಿನ ನೆಲಕ್ಕಿಂತ ಎತ್ತರ ಆಗಿತ್ತು. ಮನೆ ಸುತ್ತಲಿನ ಸಿಮೆಂಟ್ ನೆಲ ಗೋಡೆ ಕಡೆಗೇ ವಾಲಿತ್ತು. ನೀರು ಇಂಗಿ ಆರುವ ಜಾಗವೇ ಇರಲಿಲ್ಲ.

2022ರ ಫೆಬ್ರವರಿಯಲ್ಲಿ ಕೆಲಸ ಹಿಡಿದೆ. ಜೆಸಿಬಿ ಹಿತ್ತಲಿಗೆ ಹೋಗುವುದಿಲ್ಲ. ಇಬ್ಬರು ಆಳು, 11 ದಿನ. ಸಿಮೆಂಟ್ ಒಡೆದು, ಮಣ್ಣು ತೆಗೆದು, ಅಂಗಳವನ್ನು ಒಳಗಿನ ನೆಲಕ್ಕಿಂತ ಒಂದಡಿ ಕೆಳಗೆ ತಂದೆವು. ಗೋಡೆಯಿಂದ ಐದಾರು ಅಡಿ ದೂರದಲ್ಲಿ, ಧರೆ ಕಡೆ, ಮೂರಡಿ ಆಳದ ಕಾಲುವೆ ತೆಗೆದು ತೂತಿನ ಪೈಪು ಇಟ್ಟು ಜಲ್ಲಿ ತುಂಬಿಸಿದೆ. ನೀರು ನೇರ ತೋಟದ ಕಾಲುವೆಗೆ ಹೋಗುತ್ತದೆ. ಒಂದೇ ಸಲ ಉದ್ದಕ್ಕೂ ಅಗೆಯಬೇಡಿ. ಹತ್ತಡಿ ಅಗೆದು, ತುಂಬಿ, ಆಮೇಲೆ ಮುಂದಿನ ಹತ್ತಡಿ. ಇಲ್ಲದಿದ್ದರೆ ಧರೆ ಮೈಮೇಲೆ ಬರುತ್ತದೆ. ಗೋಡೆಯ ಪಾಯಕ್ಕೆ ತಾಗಿಸಿ ಅಗೆಯುವುದಂತೂ ಬೇಡವೇ ಬೇಡ.

ಟೈಲ್ಸ್, ಸಿಮೆಂಟ್ ಪ್ಲಾಸ್ಟರ್ ಎಲ್ಲ ಕಿತ್ತು ಗೋಡೆಯನ್ನು ಒಂದು ಮಳೆಗಾಲ ಪೂರ್ತಿ ಬೋಳು ಬಿಟ್ಟೆ. ಹೊರಗಿನಿಂದ ಅಡಿಕೆ ಸೋಗೆಯ ತಟ್ಟಿ ಕಟ್ಟಿದೆ, ಅಜ್ಜ ಕಟ್ಟುತ್ತಿದ್ದ ಹಾಗೆ. ಬಂದವರೆಲ್ಲ ಕೇಳಿದರು, ಮನೆ ಬೀಳಿಸುತ್ತೀಯಾ ಎಂದು. ಮನೆಯಲ್ಲೂ ಬೇಜಾರಾಗಿತ್ತು. ಮಗಳ ಸ್ನೇಹಿತೆಯರು ಬರುವ ದಿನ ಗೋಡೆಗೆ ಸೀರೆ ಇಳಿಬಿಟ್ಟಿದ್ದರು. ನಾನು ಮಾತ್ರ ತೂಕ ನೋಡುತ್ತಿದ್ದೆ.

ಈ ತೂಕದ ವಿಷಯ ಹೇಳಬೇಕು. ಗೋಡೆ ಒಣಗುತ್ತಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ನೆಲದಿಂದ ಒಂದೂವರೆ ಅಡಿ ಮೇಲೆ, ಮೂರು ಇಂಚು ಒಳಗಿನ ಪುಡಿಯನ್ನು ಡ್ರಿಲ್‌ನಿಂದ ನಿಧಾನ ತೆಗೆದೆ. ಜೋರಾಗಿ ತಿರುಗಿಸಿದರೆ ಬಿಸಿಗೆ ಪುಡಿಯೇ ಒಣಗಿಬಿಡುತ್ತದೆ. ತಕ್ಷಣ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ, ಅಡುಗೆಮನೆ ತಕ್ಕಡಿಯಲ್ಲಿ 100 ಗ್ರಾಂ ತೂಗಿ, ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಂದು ಗಂಟೆ ಒಣಗಿಸಿ ಮತ್ತೆ ತೂಗಿದೆ. 2021ರ ಸೆಪ್ಟೆಂಬರಿನಲ್ಲಿ 18 ಗ್ರಾಂ ನೀರಿತ್ತು. ಕಾಲುವೆ ತೆಗೆದ ಮೇಲೆ, 2022ರ ಅಕ್ಟೋಬರಿನಲ್ಲಿ, 12 ಅಥವಾ 13. ಆಗಲೇ ನನಗೆ ಧೈರ್ಯ ಬಂತು.

ಉಪ್ಪು ತೆಗೆಯದೆ ಪ್ಲಾಸ್ಟರ್ ಮಾಡಿದರೆ ಅದು ಗಾಳಿಯ ತೇವವನ್ನೇ ಎಳೆದುಕೊಂಡು ಮತ್ತೆ ಹಸಿಯಾಗುತ್ತದೆ. ಹಳೇ ಪೇಪರ್ ನೆನೆಸಿ ಅರೆದು ಗೋಡೆಗೆ ಮೆತ್ತಿದೆ. ಒಣಗಿದಾಗ ಉಪ್ಪು ಅದಕ್ಕೆ ಬಂತು, ಜೊತೆಗೆ ಗೋಡೆ ಕಪ್ಪಾಯಿತು. ಆಮೇಲೆ ನಮ್ಮ ಶೇಡಿ, ಅಂದರೆ ಬಿಳಿ ಜೇಡಿಮಣ್ಣು, ನೆನಪಾಯಿತು. ಶೇಡಿಗೆ ಮರದ ಹೊಟ್ಟು ಕಲಸಿ ಅರ್ಧ ಇಂಚು ಮೆತ್ತಿ, ಒಣಗಿ ತಾನಾಗಿ ಬಿರಿದಾಗ ಕೆರೆದು ತೆಗೆದೆ. ನಾಲ್ಕು ಸಲ. ಮೂರನೆಯ ಸಲಕ್ಕೆ ನಾಲಿಗೆಗೆ ಉಪ್ಪು ಗೊತ್ತಾಗುವುದು ಕಡಿಮೆಯಾಯಿತು. ಶೇಡಿ ಮತ್ತು ಹೊಟ್ಟಿನ ಅಳತೆ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಒಂದು ತಿಂಗಳು ಹೋಗಿದೆ. ಮನೆಗೆ ಬಂದವರಿಗೆ ಮಾಡಿ ತೋರಿಸುತ್ತೇನೆ.

ಇನ್ನು ಗಾರೆ. ಕರಾವಳಿಯಿಂದ ಚಿಪ್ಪಿನ ಸುಣ್ಣ ತರಿಸಿ ಐದು ತಿಂಗಳು ತೊಟ್ಟಿಯಲ್ಲಿ ನೆನೆಸಿದ್ದೆ. ಒಂದು ಪಾಲು ಸುಣ್ಣ, ಮರಳು ಮತ್ತು ಹಂಚಿನ ಪುಡಿ ಸೇರಿ ಮೂರು ಪಾಲು. ಸಿಮೆಂಟ್ ಒಂದು ಚಿಟಿಕೆಯೂ ಇಲ್ಲ. ಸಿಮೆಂಟ್ ಇಲ್ಲದೆ ನಿಲ್ಲುವುದಿಲ್ಲ ಎಂದರು ಮೇಸ್ತ್ರಿ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆಯೂ ಇದೇ ಕಲ್ಲಿನದು, ಅದಕ್ಕೆ ಯಾವ ಸಿಮೆಂಟ್ ಹಾಕಿದ್ದರು ಎಂದು ಕೇಳಿದೆ. ಆದರೂ ಅವರು ಸಿಮೆಂಟಿನ ಹಾಗೆಯೇ ಮುಕ್ಕಾಲು ಇಂಚು ಒಂದೇ ಸಲ ಮೆತ್ತಿದರು. ಎರಡು ದಿನಕ್ಕೆ ಬಿರುಕು ಬಿಟ್ಟು ಇಡೀ ಗೋಡೆಯ ಗಾರೆ ಕಳಚಿತು. ಎರಡು ಚೀಲ ಸುಣ್ಣ ದಂಡ. ಆಮೇಲೆ ತೆಳ್ಳಗೆ ಮೂರು ಪದರ, ನಡುವೆ ಏಳೆಂಟು ದಿನ ಬಿಟ್ಟು, ಗೋಣಿ ಚೀಲ ಒದ್ದೆ ಮಾಡಿ ಇಳಿಬಿಟ್ಟು ಮಾಡಿದೆವು. ಡಿಸೆಂಬರ್ ಚಳಿಗೆ ಅದು ಚೆನ್ನಾಗಿ ಹಿಡಿಯಿತು. ಗಾರೆಗೆ ಬೆಲ್ಲದ ನೀರು ಹಾಕಿ ನೋಡಿದ ಒಂದು ಮೂಲೆಗೆ ಇರುವೆ ಸಾಲು ಹಿಡಿದು ಬಂತು, ಅದನ್ನು ಅಲ್ಲಿಗೇ ಬಿಟ್ಟೆ. ಕೊನೆಯ ಪದರಕ್ಕೆ ಒಂದು ಮರದ ತೊಗಟೆಯ ನೀರು ಸೇರಿಸಿದ್ದೇನೆ. ಯಾವ ಮರ ಎಂದು ಇನ್ನೆರಡು ಮಳೆಗಾಲ ನೋಡಿ ಹೇಳುತ್ತೇನೆ. ಮೇಲೆ ಬರೀ ಸುಣ್ಣ ಬಳಿದಿದ್ದೇನೆ, ಪೇಂಟ್ ಇಲ್ಲ.

ಆಳು, ಜಲ್ಲಿ, ಪೈಪು, ಸುಣ್ಣ, ಮೇಸ್ತ್ರಿ ಎಲ್ಲ ಸೇರಿ 80 ಸಾವಿರ ದಾಟಲಿಲ್ಲ.

2023ರಲ್ಲಿ ಗೋಡೆ ಒಣಗಿಯೇ ಇತ್ತು, ಲೆಕ್ಕ 7 ಗ್ರಾಂ. ಆದರೆ ಆ ವರ್ಷ ರಾಜ್ಯಕ್ಕೇ ಬರ. ಮಳೆಯೇ ಇಲ್ಲದ ಮೇಲೆ ಗೋಡೆ ಒಣಗದೆ ಇನ್ನೇನು ಎಂದರು ನೆಂಟರು. ಅವರ ಮಾತಲ್ಲೂ ನ್ಯಾಯ ಇತ್ತು, ಸುಮ್ನೆ ಇದ್ದೆ. 2024ರ ಜುಲೈ ಮಳೆ ನೀವೂ ನೋಡಿದ್ದೀರಿ. ಕಾಲುವೆಯ ಬಾಯಲ್ಲಿ ಹಗಲು ರಾತ್ರಿ ಕೊಡ ತುಂಬುವಷ್ಟು ನೀರು. ಸೆಪ್ಟೆಂಬರಿನಲ್ಲಿ ಮತ್ತೆ ಪುಡಿ ತೆಗೆದು ತೂಗಿದೆ. 7ರಿಂದ 8 ಗ್ರಾಂ ನಡುವೆ ಬಂತು. ಗೆರೆ ಇಲ್ಲ, ಉಪ್ಪಿಲ್ಲ, ಪುಸ್ತಕದ ಕಪಾಟಿನಲ್ಲಿ ಮುಗ್ಗಲು ವಾಸನೆ ಇಲ್ಲ.

ಬಚ್ಚಲುಮನೆ ಕಡೆಯ ಗೋಡೆ ಇನ್ನೂ ಬಾಕಿ ಇದೆ. ಅಲ್ಲಿ ಕೆಳಗಿನ ತೇವದ ಜೊತೆ ಬಚ್ಚಲ ನೀರೂ ಸೇರಿದೆ. ಬಟ್ಟೆಗೆ ಹಾಕುವ ನೀಲಿಯನ್ನು ಬಚ್ಚಲಿಗೆ ಸುರಿದೆ. ಮೂರನೆಯ ದಿನ ಹೊರಗೋಡೆಯ ಬುಡದಲ್ಲಿ ನೀಲಿ ಕಲೆ ಕಂಡಿತು. ಅದಕ್ಕೆ ಮೊದಲು ಬಚ್ಚಲ ನೆಲ ಕೀಳಬೇಕು. ಮೇಸ್ತ್ರಿ ಈ ಸಲ ತಾವೇ ಬಂದು ದಿನ ಕೊಟ್ಟಿದ್ದಾರೆ, 2024ರ ದೀಪಾವಳಿ ಕಳೆದ ಮಾರನೇ ವಾರ. ಸುಣ್ಣ ಆಗಲೇ ತೊಟ್ಟಿಯಲ್ಲಿ ನೆನೆಯುತ್ತಿದೆ.