ಸೆಫ್ ಕ್ಲಸ್ಟರ್‌ಗೆ ಡಿಸ್ಕ್ ಖರೀದಿಸುವ ಮುನ್ನ

ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಒಂದೇ ಸಂಗ್ರಹವಾಗಿ ಒಗ್ಗೂಡಿಸುವ ತಂತ್ರಾಂಶವಾದ ಸೆಫ್‌ನ (Ceph) ಕ್ಲಸ್ಟರ್ ಕಟ್ಟಲು ಹೊರಟವರು ಪ್ರತಿ ಸರ್ವರ್‌ನಲ್ಲಿ ಆಪರೇಟಿಂಗ್ ಸಿಸ್ಟಮ್‌ಗೆಂದು ಎರಡು ಸಣ್ಣ ಎಸ್‌ಎಸ್‌ಡಿಗಳನ್ನು ರೇಡ್ 1ರಲ್ಲಿ (ಎರಡರಲ್ಲೂ ಒಂದೇ ಡೇಟಾ ಇರುವಂತೆ) ಜೋಡಿಸಿ, ಡೇಟಾ ಡಿಸ್ಕ್‌ಗಳನ್ನು ಮಾತ್ರ ಯಾವ ರೇಡ್‌ಗೂ ಸೇರಿಸದೆ ಒಂದೊಂದು ಓಎಸ್‌ಡಿಗೆ (ಡಿಸ್ಕ್‌ನಲ್ಲಿ ಡೇಟಾ ಇಟ್ಟು ನೋಡಿಕೊಳ್ಳುವ ಸೆಫ್‌ನ ಪ್ರೋಗ್ರಾಂ) ಒಂದೊಂದರಂತೆ ನೇರವಾಗಿ ಬಿಟ್ಟುಕೊಡುವುದು ಒಳ್ಳೆಯದು. ಪ್ರತಿಗಳನ್ನು ಕಾಪಾಡುವ ಕೆಲಸವನ್ನು ಸೆಫ್ ತಾನೇ ಮಾಡುತ್ತದೆ. ಕ್ಲಸ್ಟರ್‌ನ ಸ್ಥಿತಿಗತಿಯ ಲೆಕ್ಕ ಇಡುವ ಸೆಫ್ ಮಾನಿಟರ್‌ನ ಡೇಟಾಬೇಸ್ ಎಸ್‌ಎಸ್‌ಡಿಯಲ್ಲಿಯೇ ಇರಲಿ.

ಹಾರ್ಡ್ ಡಿಸ್ಕ್ ಬಳಸುವುದಾದರೆ ಬ್ಲೂಸ್ಟೋರ್‌ನ (ಓಎಸ್‌ಡಿ ಡಿಸ್ಕ್‌ಗೆ ಡೇಟಾ ಬರೆಯುವ ವ್ಯವಸ್ಥೆ) ಮೆಟಾಡೇಟಾವನ್ನು, ಅಂದರೆ ಡೇಟಾ ಎಲ್ಲಿದೆ ಎಂಬಂಥ ಮಾಹಿತಿಯನ್ನು, ಎನ್‌ವಿಎಂಇಯಲ್ಲಿ (ಅತಿ ವೇಗದ ಎಸ್‌ಎಸ್‌ಡಿ) ಇರಿಸಬಹುದು. ಆದರೆ ಒಂದೇ ಎನ್‌ವಿಎಂಇಯನ್ನು 12 ಡಿಸ್ಕ್‌ಗಳಿಗೆ ಹಂಚಿದರೆ, ಅದು ಕೆಟ್ಟ ದಿನ ಆ 12 ಓಎಸ್‌ಡಿಗಳೂ ಒಟ್ಟಿಗೆ ಹೋಗುತ್ತವೆ. ನಾಲ್ಕೈದು ಡಿಸ್ಕ್‌ಗಳಿಗೆ ಒಂದು ಎಂಬ ಲೆಕ್ಕವೇ ನನಗೆ ಸರಿಯೆನಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಜಾಗದ ಲೆಕ್ಕ. ನಾಲ್ಕು ಸರ್ವರ್‌ಗಳಲ್ಲಿ ತಲಾ ಆರರಂತೆ 8 ಟಿಬಿ ಡಿಸ್ಕ್‌ಗಳಿದ್ದರೆ ಒಟ್ಟು 192 ಟಿಬಿ ಆಗುತ್ತದೆ, ಮೂರು ಪ್ರತಿಗಳನ್ನು ಇಟ್ಟಾಗ ಅದು 64ಕ್ಕೆ ಇಳಿಯುತ್ತದೆ. ಒಂದು ಸರ್ವರ್ ಪೂರ್ತಿ ಬಿದ್ದುಹೋದರೂ ಉಳಿದ ಮೂರರಲ್ಲಿ ಎಲ್ಲ ಪ್ರತಿಗಳು ಮತ್ತೆ ತುಂಬಿಕೊಳ್ಳಬೇಕೆಂದರೆ ಲೆಕ್ಕಕ್ಕೆ ಸಿಗುವುದು 48 ಟಿಬಿ ಮಾತ್ರ. ಡಿಸ್ಕ್ ಶೇ. 85ರಷ್ಟು ತುಂಬಿದೊಡನೆ ಸೆಫ್ ಎಚ್ಚರಿಕೆ ಕೊಡತೊಡಗುವುದರಿಂದ, ಅಂಥ ಕ್ಲಸ್ಟರ್‌ನಲ್ಲಿ 40 ಟಿಬಿಗಿಂತ ಹೆಚ್ಚು ಡೇಟಾ ಇಡುವ ಭರವಸೆಯನ್ನು ದಯವಿಟ್ಟು ಯಾರಿಗೂ ಕೊಡಬೇಡಿ.