ಮೊದಲು ಕೇಳಿಸಿದ್ದು ನಮ್ಮ ದೋಣಿಯ ಸದ್ದು

ಚಳಿಗಾಲದಲ್ಲಿ ಅಲಾಸ್ಕದ ಕಡೆಯಿಂದ ಹವಾಯಿಗೆ ಬರುವ ಹಂಪ್‌ಬ್ಯಾಕ್ ತಿಮಿಂಗಿಲಗಳ ಹಾಡನ್ನು ಧ್ವನಿಮುದ್ರಿಸಿಕೊಳ್ಳಲೆಂದು, ಒಂದು ಫೆಬ್ರುವರಿಯಲ್ಲಿ ಮಾವಿ ಮತ್ತು ಲನಾಯಿ ದ್ವೀಪಗಳ ನಡುವಿನ ಜಲಸಂಧಿಗೆ ಸಣ್ಣ ದೋಣಿಯಲ್ಲಿ ಹೋಗಿದ್ದೆ. ಎಂಜಿನ್ ನಿಲ್ಲಿಸಿ, ನೀರಿನೊಳಗಿನ ಸದ್ದು ಹಿಡಿಯುವ ಮೈಕಾದ ಹೈಡ್ರೋಫೋನನ್ನು 10 ಮೀಟರ್ ಆಳಕ್ಕೆ ಇಳಿಬಿಟ್ಟು ಹೆಡ್‌ಫೋನ್ ಹಾಕಿಕೊಂಡರೆ, ಹಾಡಿನ ಎಳೆಯೊಂದು ದೂರದಿಂದ ಕೇಳಿಸುತ್ತಿತ್ತಾದರೂ ಅದರ ಮೇಲೆ ಗುಡುಗುಡು ಸದ್ದೂ ಗಡಿಯಾರದಂಥ ಟಿಕ್ ಟಿಕ್ ಸದ್ದೂ ಕವಿದಿದ್ದವು.

ಟಿಕ್ ಟಿಕ್ ಬರುತ್ತಿದ್ದುದು ನಮ್ಮದೇ ದೋಣಿಯ ಆಳಮಾಪಕದಿಂದ. ಅದರ ತರಂಗ ಕಿವಿಗೆ ನಿಲುಕದಷ್ಟು ಎತ್ತರದ ಸ್ಥಾಯಿಯದಾದರೂ ಪ್ರತಿ ಮಿಡಿತವೂ ನೀರಿನಲ್ಲಿ ಚಿಟಿಕೆ ಹೊಡೆದಂತೆ ಕೇಳಿಸುತ್ತದೆ. ಅದನ್ನು ಆರಿಸಿದೊಡನೆ ಸದ್ದು ನಿಂತಿತು. ಗುಡುಗುಡುವಿಗೆ ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಿತು. ಅಲೆಗೆ ದೋಣಿ ಏರಿಳಿದಾಗಲೆಲ್ಲ ಕೇಬಲ್ ಹೈಡ್ರೋಫೋನನ್ನು ಜಗ್ಗುತ್ತಿತ್ತು, ಆಳ ಬದಲಾದಂತೆ ಒತ್ತಡ ಬದಲಾಗಿ ಅದೂ ಸದ್ದಾಗಿ ದಾಖಲಾಗುತ್ತಿತ್ತು. ಹೈಡ್ರೋಫೋನನ್ನು ದೋಣಿಯಿಂದ ಬಿಡಿಸಿ ತೇಲುಬುರುಡೆಗೆ ಕಟ್ಟಿ, ನಡುವೆ ರಬ್ಬರ್ ಹಗ್ಗ ಸೇರಿಸಿ, ಕೆಳಗೆ ಸೀಸದ ತೂಕ ಇಟ್ಟು, ದೋಣಿಯ ಕಡೆಗೆ ಕೇಬಲನ್ನು ಸಡಿಲವಾಗಿ ಬಿಟ್ಟ ಮೇಲೆ ಕಡಲು ಸ್ವಚ್ಛವಾಗಿ ಕೇಳಿಸತೊಡಗಿತು. ಹೆಡ್‌ಫೋನ್ ಇಲ್ಲದೆ ರೆಕಾರ್ಡರ್ ಚಾಲೂ ಮಾಡಿ ಕೂತಿದ್ದರೆ ಇದ್ಯಾವುದೂ ನನಗೆ ದಡ ಸೇರುವವರೆಗೆ ತಿಳಿಯುತ್ತಿರಲಿಲ್ಲ.

ಉಳಿದದ್ದು ಒಗ್ಗರಣೆಯ ಸಾಸಿವೆ ಸಿಡಿದಂಥ ಚಟಪಟ. ಅದು ಸಿಡಿ ಸಿಗಡಿಗಳದು. ಅವು ಕೊಂಡಿಯನ್ನು ರಭಸದಿಂದ ಮುಚ್ಚಿದಾಗ ಹುಟ್ಟುವ ಗುಳ್ಳೆ ಕುಸಿದು ಆ ಸದ್ದಾಗುತ್ತದೆ. ಅದನ್ನು ತೆಗೆಯಲು ನಾನು ಪ್ರಯತ್ನಿಸಲಿಲ್ಲ, ಅದು ಆ ಕಡಲಿನದೇ ಸದ್ದು.

ಹಾಡುವುದು ಗಂಡು ತಿಮಿಂಗಿಲ. ಕೆಲವು ಸ್ವರಗಳು ಸೇರಿ ಒಂದು ಪದಗುಚ್ಛ, ಅದೇ ಗುಚ್ಛ ಮರುಕಳಿಸಿ ಒಂದು ಪಲ್ಲವಿ, ಅಂಥ ಹಲವು ಪಲ್ಲವಿಗಳು ಸಾಲಾಗಿ ಬಂದು ಹಾಡು. ಹತ್ತಿರದ ಗಾಯಕನ ದನಿ ಎಷ್ಟು ಜೋರೆಂದರೆ, ರೆಕಾರ್ಡರ್ ದನಿಯನ್ನು ಹಿಗ್ಗಿಸುವ ಮಟ್ಟವನ್ನು, ಅಂದರೆ ಗೇನನ್ನು, ತಗ್ಗಿಸಿಡದಿದ್ದರೆ ದನಿಯ ಅತಿ ಜೋರಿನ ಭಾಗಗಳು ಒಡೆದುಹೋಗುತ್ತವೆ, ಆಮೇಲೆ ಅವನ್ನು ಸರಿಪಡಿಸಲಾಗದು. ಅಲ್ಲಿ ಈ ತಿಮಿಂಗಿಲಗಳಿಗೆ 100 ಗಜಕ್ಕಿಂತ ಹತ್ತಿರ ಹೋಗುವುದು ಕಾನೂನಿಗೆ ವಿರುದ್ಧ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಬಹುದೂರ ಸಾಗುವುದರಿಂದ ಹೋಗುವ ಅಗತ್ಯವೂ ಇರಲಿಲ್ಲ.

ಹಾಡು ನಡೆದೇ ಇರುವಾಗ ಒಮ್ಮೆ ದನಿ ಮೆಲ್ಲನೆ ಕ್ಷೀಣಿಸಿತು. ಉಪಕರಣ ಕೆಟ್ಟಿತೆಂದು ಗಾಬರಿಯಾಗಿ ಕೇಬಲ್ ಮುಟ್ಟಿ ನೋಡುವಷ್ಟರಲ್ಲಿ, ಲನಾಯಿಯ ದಿಕ್ಕಿನಲ್ಲಿ ಉಸಿರಿನ ಬಿಳಿ ಹಬೆ ಎದ್ದಿತು.